.410 ರಿವಾಲ್ವರೋ, ಗಿಡ್ಡ ಶಾಟ್‌ಗನ್ನೋ: ಒಂದೇ ಕೊಳ್ಳುವುದಾದರೆ ಯಾವುದು?

ಹಾದಿಗ

ಒಂದು ಕಡೆ ಟಾರಸ್ ಜಡ್ಜ್, ಸ್ಮಿತ್ ಅಂಡ್ ವೆಸನ್ ಗವರ್ನರ್ ತರಹದ .410 ತೋಟಾ (ಒಳಗೆ ಚರೆ, ಅಂದರೆ ಸೀಸದ ಬಿಡಿ ಗುಂಡುಗಳು, ಇರುವ ಸಣ್ಣ ಶಾಟ್‌ಗನ್ ತೋಟಾ) ಹಾರಿಸುವ ರಿವಾಲ್ವರ್‌ಗಳು. ಇನ್ನೊಂದು ಕಡೆ ಮಾಸ್‌ಬರ್ಗ್ 590 ಶಾಕ್‌ವೇವ್ ತರಹದ 14 ಇಂಚು ನಳಿಗೆಯ ಗಿಡ್ಡ ಕೋವಿಗಳು. ಕೆಲಸ ಎರಡು: ರಾತ್ರಿ ಮನೆಯೊಳಗಿನ ರಕ್ಷಣೆ, ಹಗಲು ಕಾಡುಹಾದಿಯ ನಡಿಗೆ. ಕೊಳ್ಳಲು ಆಗುವುದು ಒಂದೇ. ಪ್ರಶ್ನೆ ಅಮೆರಿಕಕ್ಕೆ ಸಂಬಂಧಿಸಿದ್ದು, ಹಾಗಾಗಿ ಅಲ್ಲಿನ ಕಾನೂನಿನ ಲೆಕ್ಕದಲ್ಲೇ ಹೇಳಿ. "ಚರೆ ಹರಡುತ್ತೆ, ಗುರಿ ಇಡೋದೇ ಬೇಡ" ಅನ್ನುವ ಮಾತು ಎಲ್ಲೆಡೆ ಕೇಳಿಬರುತ್ತೆ. ಅದು ಎಷ್ಟು ನಿಜ?

ಚರೆಲೆಕ್ಕ

ಕೊನೆಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ತಪ್ಪು ಆಯ್ಕೆಗಳೆಲ್ಲ ಹುಟ್ಟುವುದು ಅಲ್ಲಿಂದಲೇ. ಕೋಣೆಯ ಅಳತೆಯ ದೂರದಲ್ಲಿ ಚರೆ ಹರಡುವುದು ತೀರಾ ಕಡಿಮೆ. ಮೂರು ಗಜದಲ್ಲಿ 12 ಬೋರಿನ (ಬೋರು ನಳಿಗೆಯ ಅಳತೆ, ಸಂಖ್ಯೆ ಸಣ್ಣದಾದಷ್ಟೂ ನಳಿಗೆ ಅಗಲ) ದಪ್ಪ ಚರೆ, ಅಂದರೆ 00 ಬಕ್‌ಶಾಟ್ ಬಹುಮಟ್ಟಿಗೆ ಒಂದೇ ಹರಿದ ತೂತು. ಆ ದೂರದಲ್ಲಿ ಗುರಿ ತಪ್ಪಿದರೆ ಅಷ್ಟೂ ಚರೆ ತಪ್ಪಿದ ಹಾಗೆ. ಎರಡೂ ಆಯುಧಗಳನ್ನು ಗುರಿ ಇಟ್ಟೇ ಹೊಡೆಯಬೇಕು.

ಈಗ ತೋಟಾದ ಒಳಗೆ ಏನಿದೆ ನೋಡಿ. ರಿವಾಲ್ವರಿಗೆಂದೇ ಫೆಡರಲ್ ಮಾಡುವ ಎರಡೂವರೆ ಇಂಚಿನ .410 ತೋಟಾದಲ್ಲಿ 000 ಅಳತೆಯ ನಾಲ್ಕು ಚರೆ, ವೇಗ ಸೆಕೆಂಡಿಗೆ 850 ಅಡಿ. ಒಂದೊಂದು ಚರೆ 0.36 ಇಂಚು ದಪ್ಪ, ಸುಮಾರು 70 ಗ್ರೇನ್ (ನಾಲ್ಕೂವರೆ ಗ್ರಾಂ) ತೂಕ. ನಾಲ್ಕೂ ಸೇರಿ ಸುಮಾರು 450 ಅಡಿ-ಪೌಂಡ್ ಶಕ್ತಿ. 12 ಬೋರಿನ ಒದೆತ ತಗ್ಗಿಸಿದ 00 ತೋಟಾದಲ್ಲಿ 0.33 ಇಂಚಿನ ಒಂಬತ್ತು ಚರೆ, ವೇಗ 1145 ಅಡಿ, ಒಟ್ಟು 1400 ಅಡಿ-ಪೌಂಡ್ ಮೇಲೆ. ಪೂರ್ಣ ಶಕ್ತಿಯ ತೋಟಾ 1325 ಅಡಿ ವೇಗದ್ದಾದರೆ 1900ರ ಹತ್ತಿರ. ಅಂದರೆ .410 ರಿವಾಲ್ವರಿನ ಒಂದು ಈಡಿಗಿಂತ 12 ಬೋರಿನ ಒಂದು ಈಡು ಮೂರು ನಾಲ್ಕು ಪಟ್ಟು ಬಲದ್ದು. ಎರಡನ್ನೂ "ಶಾಟ್‌ಗನ್ ತೋಟಾ" ಎಂದು ಕರೆಯುತ್ತಾರೆ ನಿಜ, ಆದರೆ ಒಂದೇ ತಕ್ಕಡಿಯಲ್ಲಿ ಇಡುವ ವಸ್ತುಗಳಲ್ಲ.

ಮಳೆಬಿಲ್ಲು_77

ಹಾಗಾದರೆ 3 ಇಂಚಿನ ಚೇಂಬರ್ (ತೋಟಾ ಕೂರುವ ಗೂಡು) ಇರುವ ಜಡ್ಜ್ ಮ್ಯಾಗ್ನಮ್ ತಗೊಂಡ್ರೆ ಆ ಕೊರತೆ ತುಂಬುತ್ತಲ್ವಾ? ಚರೆ ಜಾಸ್ತಿ, ಮದ್ದಿನ ಪುಡಿಯೂ ಜಾಸ್ತಿ.

ಚರೆಲೆಕ್ಕ

ತುಂಬುವುದಿಲ್ಲ. ಅದೇ ಸಾಲಿನ 3 ಇಂಚಿನ ತೋಟಾದಲ್ಲಿ ಐದು ಚರೆ, ಆದರೆ ವೇಗ 775 ಅಡಿಗೆ ಇಳಿಯುತ್ತೆ. ಗುಣಿಸಿ ನೋಡಿ: ಒಟ್ಟು ಶಕ್ತಿ 465ರ ಆಸುಪಾಸು. ನಾಲ್ಕು ಚರೆಯ ತೋಟಾಕ್ಕಿಂತ ಬರೀ ಹದಿನೈದು ಇಪ್ಪತ್ತು ಅಡಿ-ಪೌಂಡ್ ಹೆಚ್ಚು. ಅದನ್ನು ಐದಕ್ಕೆ ಹಂಚಿದರೆ ಒಂದೊಂದು ಚರೆಯ ಪಾಲು ಮೊದಲಿಗಿಂತ ಕಡಿಮೆ, ಒಳಹೊಕ್ಕುವ ಶಕ್ತಿಯೂ ಕಡಿಮೆ. ಮೂರು ಇಂಚಿನ ಗಿಡ್ಡ ನಳಿಗೆಯಲ್ಲಿ ಹೆಚ್ಚಿನ ಪುಡಿ ಉರಿದು ಮುಗಿಯಲು ಜಾಗವೇ ಇರುವುದಿಲ್ಲ, ಉಳಿದದ್ದು ಬಾಯಲ್ಲಿ ಬೆಂಕಿಯಾಗಿ ಹೋಗುತ್ತೆ. ಮೇಲಾಗಿ ಸಿಲಿಂಡರ್ ಅರ್ಧ ಇಂಚು ಉದ್ದವಾಗಿ ಆಯುಧ ದಪ್ಪವಾಗುತ್ತೆ, ಸೊಂಟದಲ್ಲಿ ಚುಚ್ಚುತ್ತೆ. ರಕ್ಷಣೆಗೆ ಎರಡೂವರೆ ಇಂಚಿನದ್ದೇ ಸರಿ.

ಗಿಡ್ಡ ನಳಿಗೆಯ ಬೆಲೆ ಎಷ್ಟೆಂದು ತಿಳಿಯಲು ಇನ್ನೊಂದು ಹೋಲಿಕೆ. ಉದ್ದ ನಳಿಗೆಯ .410 ಕೋವಿಗೆಂದು ವಿಂಚೆಸ್ಟರ್ ಮಾಡುವ 3 ಇಂಚಿನ ಐದು ಚರೆಯ ತೋಟಾದ ವೇಗ 1135 ಅಡಿ. ಅದೇ ಬೋರು, ಅಷ್ಟೇ ಚರೆ, ಆದರೆ ರಿವಾಲ್ವರ್ ತೋಟಾದ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ.

ಸಿಲಿಂಡರ್ ಸಂದು

ರಿವಾಲ್ವರ್ ಪಕ್ಷದಿಂದ ಎರಡು ಮಾತು. ಜಡ್ಜ್, ಗವರ್ನರ್ ಇವುಗಳನ್ನು "ಕೈಯಲ್ಲಿ ಹಿಡಿಯುವ ಶಾಟ್‌ಗನ್" ಎಂದು ನೋಡಿದರೆ ನಿರಾಸೆ ಖಂಡಿತ. "ಚರೆ ತೋಟಾವನ್ನೂ ನುಂಗುವ .45 ಕೋಲ್ಟ್ (ಒಂಟಿ ಗುಂಡಿನ ತೋಟಾದ) ರಿವಾಲ್ವರ್" ಎಂದು ನೋಡಿದರೆ ಅರ್ಥ ಬರುತ್ತೆ. ಜಡ್ಜ್ 2006ರಲ್ಲಿ ಬಂತು, ಐದು ಈಡು. ಗವರ್ನರ್ 2011ರಲ್ಲಿ ಬಂತು, ಆರು ಈಡು, ಸ್ಕ್ಯಾಂಡಿಯಂ ಮಿಶ್ರಲೋಹದ ಫ್ರೇಮ್, ತೂಕ ಒಂದು ಕೆಜಿಗೂ ಕಡಿಮೆ, ಸುಮಾರು 840 ಗ್ರಾಂ. ಗವರ್ನರ್ .45 ಎಸಿಪಿಯನ್ನೂ ಮೂನ್ ಕ್ಲಿಪ್‌ನಲ್ಲಿ ಹಾರಿಸುತ್ತೆ. ಆ ಕ್ಲಿಪ್ ತೋಟಾಗಳನ್ನು ಒಟ್ಟಿಗೆ ಹಿಡಿಯುವ ತೆಳು ಉಕ್ಕಿನ ತಗಡು. ಬಾಗಿದ್ದರೆ ಸಿಲಿಂಡರ್ ಉಜ್ಜುತ್ತಾ ತಿರುಗುತ್ತೆ, ಟ್ರಿಗರ್ ಭಾರವಾಗುತ್ತೆ. ಸಪಾಟಾದ ಗಾಜಿನ ಮೇಲೆ ಇಟ್ಟು ನೋಡಿ, ಅಲ್ಲಾಡಿದರೆ ಎಸೆಯಿರಿ.

ಹಾದಿಯ ಕೆಲಸಕ್ಕೆ ಮೊದಲ ಎರಡು ಚೇಂಬರಿನಲ್ಲಿ ಹಾವಿಗೆ ಸಣ್ಣ ಚರೆ, ಉಳಿದದ್ದರಲ್ಲಿ .45 ಕೋಲ್ಟ್ ಗುಂಡು ಎಂಬ ಜೋಡಣೆ ರೂಢಿಯಲ್ಲಿದೆ. ಹಾವಿಗೆ ಎರಡು ಮೂರು ಗಜ ದೂರ ಸರಿ. ಅದಕ್ಕಿಂತ ಆಚೆ ಸಣ್ಣ ಚರೆಯನ್ನು ನಂಬಬೇಡಿ. ಮನುಷ್ಯನೆದುರಿನ ರಕ್ಷಣೆಗಂತೂ ಸಣ್ಣ ಚರೆ ಯಾವ ದೂರದಲ್ಲೂ ಕೂಡದು. ಚರ್ಮದ ಕೆಳಗೆ ಬೀಭತ್ಸ ಗಾಯ ಮಾಡುತ್ತೆ, ಆಳಕ್ಕೆ ಇಳಿಯುವುದಿಲ್ಲ. .410 ಸ್ಲಗ್ಗನ್ನೂ (ಚರೆಯ ಬದಲು ಒಂದೇ ದೊಡ್ಡ ಗುಂಡು) ಬಿಡಿ. ಅದರ ವ್ಯಾಸ 0.41 ಇಂಚು, ನಳಿಗೆ .45ರದ್ದು. ರೈಫ್ಲಿಂಗ್ (ನಳಿಗೆಯೊಳಗಿನ ತಿರುಚು ಗೆರೆಗಳು) ಅದನ್ನು ಸರಿಯಾಗಿ ಕಚ್ಚುವುದೇ ಇಲ್ಲ, ತೂಕವೂ ಬರೀ 90-110 ಗ್ರೇನ್. ಅದೇ ಚೇಂಬರಿನಲ್ಲಿ 250 ಗ್ರೇನಿನ .45 ಕೋಲ್ಟ್ ಗುಂಡು ಕೂರುವಾಗ ಸ್ಲಗ್ ಯಾಕೆ?

ಮಳೆಬಿಲ್ಲು_77

ಡಿಸ್ಕು (ಚಪ್ಪಟೆ ಬಿಲ್ಲೆ), ಬಿಬಿ (ಸಣ್ಣ ಗುಂಡು) ಎರಡೂ ಇರುವ ತೋಟಾ ಬರುತ್ತಲ್ಲ, ಅದು?

ಸಿಲಿಂಡರ್ ಸಂದು

ವಿಂಚೆಸ್ಟರ್ ಪಿಡಿಎಕ್ಸ್1: ಎರಡೂವರೆ ಇಂಚಿನದ್ದರಲ್ಲಿ ಮೂರು ಡಿಸ್ಕ್, ಹನ್ನೆರಡು ಬಿಬಿ, ವೇಗ 750 ಅಡಿ. ಡಿಸ್ಕ್‌ಗಳು ಒಂದು ಗುಂಪಾಗಿ ಹೋಗುತ್ತವೆ, ಬಿಬಿಗಳು ಸುತ್ತ ಚೆದುರುತ್ತವೆ. ಕಾಗದದ ಮೇಲೆ ತೂತುಗಳ ಸಂಖ್ಯೆ ಕಣ್ಣಿಗೆ ಹಬ್ಬ. ಆದರೆ ಬಿಬಿ ಆಳಕ್ಕೆ ಇಳಿಯುವುದಿಲ್ಲ, ಗುರಿಯ ಹೊರಗೆ ಬಿದ್ದ ಪ್ರತಿ ಬಿಬಿಗೂ ಹೊಣೆ ಹೊಡೆದವರದ್ದೇ. ನಾಲ್ಕು 000 ಚರೆಯೇ ಉತ್ತಮ.

ಹನ್ನೆರಡನೇ ಬೋರು

ಹರಡುವಿಕೆಯ ಬಗ್ಗೆ ಒಂದು ಮುಖ್ಯ ಸಂಗತಿ ಬಿಟ್ಟುಹೋಯಿತು. ರಿವಾಲ್ವರಿನ ನಳಿಗೆಯಲ್ಲಿ ರೈಫ್ಲಿಂಗ್ ಇದೆ, ಶಾಟ್‌ಗನ್ನಿನ ನಳಿಗೆ ನುಣುಪು. ರೈಫ್ಲಿಂಗ್ ಚರೆಯ ಗೊಂಚಲನ್ನೇ ತಿರುಗಿಸುತ್ತೆ. ನಳಿಗೆ ದಾಟಿದ ಕೂಡಲೇ ತಿರುಗುವ ರಭಸಕ್ಕೆ ಚರೆಗಳು ಹೊರಕ್ಕೆ ಚಿಮ್ಮುತ್ತವೆ. ಸಣ್ಣ ಚರೆಯಲ್ಲಿ ಇದು ಕಣ್ಣಿಗೆ ಕಾಣುತ್ತೆ: ಏಳೆಂಟು ಗಜದಲ್ಲಿ ಕಾಗದದ ಮೇಲೆ ಬಳೆಯ ಹಾಗೆ ತೂತುಗಳು, ನಡುವೆ ಖಾಲಿ, ಗುರಿ ಇಟ್ಟ ಜಾಗವೇ ಖಾಲಿ. 000 ಚರೆ ನಾಲ್ಕೇ ಇರುವುದರಿಂದ ಬಳೆ ಕಾಣದು, ಆದರೆ ಏಳು ಗಜದಲ್ಲಿ ಅಂಗೈ ಅಗಲದಿಂದ ಒಂದು ಗೇಣಿನವರೆಗೆ ಚೆದುರುವುದು ಸಾಮಾನ್ಯ. ಥಾಂಪ್ಸನ್ ಸೆಂಟರ್ ಕಂಟೆಂಡರ್ ಪಿಸ್ತೂಲಿನ .45/.410 ನಳಿಗೆಗೆ ತುದಿಯಲ್ಲಿ ನೇರ ಗೆರೆಗಳ ಚೋಕ್ (ನಳಿಗೆಯ ಬಾಯಿಗೆ ಸೇರಿಸುವ ಗಿಡ್ಡ ಕೊಳವೆ) ಹಾಕುತ್ತಿದ್ದದ್ದೇ ಈ ತಿರುಗುವಿಕೆಯನ್ನು ನಿಲ್ಲಿಸಲು.

ಹಾಗಾದರೆ ರಿವಾಲ್ವರಿಗೂ ನುಣುಪು ನಳಿಗೆ ಯಾಕೆ ಹಾಕಲಿಲ್ಲ? ಕಾನೂನು. ಅಮೆರಿಕದ 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಪ್ರಕಾರ, ಚರೆ ತೋಟಾ ಹಾರಿಸುವ ನುಣುಪು ನಳಿಗೆಯ ಕೈಬಂದೂಕು ನೋಂದಣಿ ಬೇಕಾದ ವರ್ಗಕ್ಕೆ ಬೀಳುತ್ತೆ. ರೈಫ್ಲಿಂಗ್ ಇದ್ದು .45 ಕೋಲ್ಟ್ ಹಾರಿಸುವುದರಿಂದ ಜಡ್ಜ್ ಮಾಮೂಲಿ ಕೈಬಂದೂಕು. ಚರೆ ಕೆಟ್ಟದಾಗಿ ಚೆದುರುವುದು ಆ ಅನುಕೂಲಕ್ಕೆ ತೆತ್ತ ಬೆಲೆ.

ಹಾದಿಗ

ಕಾನೂನಿನ ಮಾತು ಬಂದದ್ದು ಒಳ್ಳೆಯದಾಯಿತು. ಶಾಕ್‌ವೇವ್ ನಳಿಗೆ 14 ಇಂಚು, ಶಾಟ್‌ಗನ್ನಿಗೆ ಕನಿಷ್ಠ 18 ಇಂಚು ಬೇಕಲ್ಲವೇ? ಅದು ಹೇಗೆ ಅಂಗಡಿಯಲ್ಲಿ ಸಿಗುತ್ತೆ?

ಹನ್ನೆರಡನೇ ಬೋರು

ಕಾನೂನಿನ ಕಣ್ಣಲ್ಲಿ ಅದು ಶಾಟ್‌ಗನ್ನೇ ಅಲ್ಲ. ಶಾಟ್‌ಗನ್ ಎಂದರೆ ಭುಜಕ್ಕೆ ಕೊಟ್ಟು ಹೊಡೆಯಲು ಮಾಡಿದ್ದು. ಶಾಕ್‌ವೇವ್ ಕಾರ್ಖಾನೆಯಿಂದ ಬರುವಾಗಲೇ ಹಕ್ಕಿಯ ತಲೆಯಾಕಾರದ ಹಿಡಿಯೊಂದಿಗೆ ಬರುತ್ತೆ, ಅದಕ್ಕೆ ಬಟ್ (ಭುಜಕ್ಕೆ ಆನಿಸುವ ಹಿಂಭಾಗ) ಎಂದೂ ಕೂರಿಸಿಲ್ಲ. ಒಟ್ಟು ಉದ್ದ 26 ಇಂಚಿಗಿಂತ ತುಸು ಹೆಚ್ಚು. ಹಾಗಾಗಿ ಬರೀ "ಫೈರ್‌ಆರ್ಮ್" ಎಂಬ ಹೆಸರಲ್ಲಿ ಮಾರಾಟವಾಗುತ್ತೆ. ಇದರಿಂದ ಹುಟ್ಟುವ ಫಲ ಮೂರು, ಮೂರೂ ಗಂಭೀರ.

ಡೀಲರ್ ಬಳಿ ಕೊಳ್ಳಲು 21 ತುಂಬಿರಬೇಕು, ಮಾಮೂಲಿ ಶಾಟ್‌ಗನ್ನಿಗೆ 18 ಸಾಕು. ಅದಕ್ಕೆ ಭುಜದ ಬಟ್ ಕೂರಿಸಿದ ಕ್ಷಣವೇ ಅದು ನೋಂದಣಿಯಿಲ್ಲದ ಗಿಡ್ಡ ನಳಿಗೆಯ ಶಾಟ್‌ಗನ್, ಅಂದರೆ ಫೆಡರಲ್ ಅಪರಾಧ. ಬಟ್ ಸಮೇತ ಮಾರಿದ ಮಾಮೂಲಿ ಕೋವಿಗೆ 14 ಇಂಚಿನ ನಳಿಗೆ ಹಾಕಿದರೂ ಅದೇ. ಹಾಗೆ ಮಾಡಬೇಕೆಂದಿದ್ದರೆ ಮೊದಲು ಅರ್ಜಿ, ಒಪ್ಪಿಗೆ ಕೈಗೆ ಬಂದ ಮೇಲೆ ಸ್ಕ್ರೂಡ್ರೈವರ್. 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಈ ವರ್ಗಕ್ಕೆ ಸೊನ್ನೆ, ಆದರೆ ನೋಂದಣಿ ಹಾಗೇ ಇದೆ. ನೋಂದಾಯಿತ ಗಿಡ್ಡ ಶಾಟ್‌ಗನ್ನನ್ನು ಬೇರೆ ರಾಜ್ಯಕ್ಕೆ ಒಯ್ಯಲು ಬಂದೂಕುಗಳನ್ನು ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎಟಿಎಫ್‌ನ ಮುಂಗಡ ಒಪ್ಪಿಗೆಯೂ ಬೇಕು.

ರಾಜ್ಯದ ಕಾನೂನು ಬೇರೆಯೇ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಜಡ್ಜ್, ಗವರ್ನರ್ ಎರಡೂ ಗಿಡ್ಡ ಶಾಟ್‌ಗನ್ ಲೆಕ್ಕಕ್ಕೆ ಬಂದು ನಿಷಿದ್ಧ. ಹಣ ಕೊಡುವ ಮೊದಲು ಇರುವ ರಾಜ್ಯದ ನಿಯಮವನ್ನೂ, ಹೋಗಿಬರುವ ರಾಜ್ಯದ ನಿಯಮವನ್ನೂ ಓದಿಕೊಳ್ಳಿ.

ಗುಡ್ಡದ ನೆರಳು

ಹಾದಿಗೆ ಶಾಕ್‌ವೇವ್ ಬೆನ್ನುಚೀಲದ ಬದಿಗೆ ಸಿಕ್ಕಿಸಬಹುದಲ್ಲ? ಐದು ತೋಟಾ ಕೊಳವೆಯಲ್ಲಿ, ಒಂದು ಚೇಂಬರಿನಲ್ಲಿ, ತೂಕ ಎರಡೂವರೆ ಕೆಜಿ ಒಳಗೆ. ಕರಡಿ ಇರುವ ಕಡೆ .410 ಹಿಡಿದು ಹೋಗುವುದು ನನಗಂತೂ ಸರಿ ಕಾಣುವುದಿಲ್ಲ.

ಸಿಲಿಂಡರ್ ಸಂದು

ಕರಡಿಗೆ .410 ಚರೆ ಕೂಡದು, ನಿಮ್ಮ ಮಾತು ನೂರಕ್ಕೆ ನೂರು ಸರಿ. 12 ಬೋರಿನ ಒಂದು ಔನ್ಸ್ ಸ್ಲಗ್ 1600 ಅಡಿ ವೇಗದಲ್ಲಿ ಸುಮಾರು 2500 ಅಡಿ-ಪೌಂಡ್ ಕೊಡುತ್ತೆ. ಆದರೆ ಚೀಲದ ಬದಿಯಲ್ಲಿರುವ ಕೋವಿ ಕೈಗೆ ಬರಬೇಕಾದರೆ ಪಟ್ಟಿ ಬಿಚ್ಚಬೇಕು. ಎದೆಯ ಮೇಲಿನ ಹೋಲ್‌ಸ್ಟರ್‌ನಲ್ಲಿರುವ ರಿವಾಲ್ವರ್ ಬಿದ್ದು ಮಲಗಿದ್ದರೂ ಒಂದೇ ಕೈಗೆ ಸಿಗುತ್ತೆ. ಮೈಮೇಲೆ ಇರಲೇಬೇಕು ಎಂದಾದರೆ ರಿವಾಲ್ವರ್.

ಬಲದ ರಿವಾಲ್ವರ್ ಬೇಕೇ ಬೇಕೆಂದರೆ ರೇಜಿಂಗ್ ಜಡ್ಜ್ ಇದೆ: .410, .45 ಕೋಲ್ಟ್ ಜೊತೆಗೆ .454 ಕ್ಯಾಸುಲ್ ಹಾರಿಸುತ್ತೆ, ಆರು ಈಡು, ತೂಕ ಒಂದೂವರೆ ಕೆಜಿ ಮೀರುತ್ತೆ. ಉದ್ದ ನಳಿಗೆಯಿಂದ .454ರ 300 ಗ್ರೇನ್ ಗುಂಡು 1800 ಅಡಿ-ಪೌಂಡ್ ಆಸುಪಾಸು ಮುಟ್ಟುತ್ತೆ. ಅಷ್ಟು ದೊಡ್ಡದನ್ನು ಹೊರುವ ಮನಸ್ಸಿದ್ದರೆ .410ರ ಉದ್ದ ಸಿಲಿಂಡರ್ ಇಲ್ಲದ ಬರೀ .454 ರಿವಾಲ್ವರೇ ಹಗುರ, ಗುರಿಯೂ ಚೊಕ್ಕ.

ಇಲ್ಲಿ ಒಂದು ಅಪಾಯ, ದಯವಿಟ್ಟು ಎಲ್ಲರೂ ಗಮನಿಸಿ. ಮಾಮೂಲಿ .45 ಕೋಲ್ಟ್ ರಿವಾಲ್ವರಿನಲ್ಲಿ .454 ತೋಟಾ ಪೂರ್ತಿ ಕೂರದು, ಏಕೆಂದರೆ .454ರ ಕೇಸನ್ನು (ತೋಟಾದ ಕವಚ) 0.1 ಇಂಚು ಉದ್ದ ಮಾಡಿರುವುದೇ ಆ ತಡೆಗಾಗಿ. ಆದರೆ ಸಾದಾ ಜಡ್ಜ್‌ನ ಚೇಂಬರ್ .410ಗಾಗಿ ಉದ್ದಕ್ಕೆ ಕೊರೆದದ್ದು. ಅಲ್ಲಿ ಆ ತಡೆ ಇಲ್ಲ, .454 ಸರಾಗವಾಗಿ ಒಳಗೆ ಹೋಗಿ ಕೂರುತ್ತೆ. .45 ಕೋಲ್ಟ್‌ನ ಒತ್ತಡದ ಮಿತಿ 14,000 ಪಿಎಸ್‌ಐ, .454ರದ್ದು 65,000. ಸಿಲಿಂಡರ್ ಸಿಡಿಯುತ್ತೆ. ತೋಟಾ ಕೂತಿತು ಎಂದರೆ ಹಾರಿಸಬಹುದು ಎಂದಲ್ಲ. ನಳಿಗೆಯ ಮೇಲೆ ಕೆತ್ತಿರುವ ಅಕ್ಷರ ಓದಿ.

ಚರೆಲೆಕ್ಕ

ಅದೇ ತರಹದ ಅಪಾಯ ಶಾಟ್‌ಗನ್ ಕಡೆಯೂ ಇದೆ. 20 ಬೋರಿನ ತೋಟಾ ಕೈತಪ್ಪಿ 12 ಬೋರಿನೊಳಗೆ ಹೋದರೆ ಚೇಂಬರ್ ದಾಟಿ ಮುಂದೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತೆ. ಚೇಂಬರ್ ಖಾಲಿ ಕಾಣುತ್ತೆ. ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಒಡೆಯುತ್ತೆ. 20 ಬೋರಿನ ತೋಟಾ ಹಳದಿ ಬಣ್ಣದಲ್ಲಿ ಬರುವುದು ಇದಕ್ಕೇ. ಮನೆಯಲ್ಲಿ ಎರಡೂ ಇದ್ದರೆ ಬೇರೆ ಬೇರೆ ಕಪಾಟಿನಲ್ಲಿಡಿ.

ಹಾದಿಗ

ರಿವಾಲ್ವರ್ ಎಂದರೆ ಕೈಕೊಡುವುದಿಲ್ಲ ಅನ್ನುತ್ತಾರೆ. .410 ಹಾಕಿದಾಗಲೂ ಹಾಗೆಯೇ?

ಸಿಲಿಂಡರ್ ಸಂದು

ಇಲ್ಲ. ಲೋಹದ ಕೇಸಿಗೂ ಪ್ಲಾಸ್ಟಿಕ್ ಕೇಸಿಗೂ ಬಹಳ ಅಂತರ. ತೊಂದರೆ ಬರುವ ಜಾಗಗಳು ಇವು.

ತೋಟಾದ ಹಿತ್ತಾಳೆ ಅಂಚು. ಕಂಪನಿಯಿಂದ ಕಂಪನಿಗೆ ಅದರ ದಪ್ಪದಲ್ಲಿ ತುಸು ವ್ಯತ್ಯಾಸ. ದಪ್ಪವಿದ್ದರೆ, ಅಥವಾ ಕೇಪು (ತೋಟಾದ ಹಿಂದೆ ಕಿಡಿ ಹಚ್ಚುವ ಬೊಟ್ಟು) ಒಂದು ಕೂದಲೆಳೆ ಹೊರಗೆ ನಿಂತಿದ್ದರೆ, ಹಿಂದಿನ ಫಲಕಕ್ಕೆ ಉಜ್ಜಿ ಸಿಲಿಂಡರ್ ತಿರುಗುವುದಿಲ್ಲ. ತುಂಬಿದ ಮೇಲೆ ಸಿಲಿಂಡರ್ ಮುಚ್ಚಿ, ಆಯುಧವನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ನಿಮ್ಮ ಮಾದರಿಯ ಕೈಪಿಡಿ ಹೇಳುವ ಕ್ರಮದಲ್ಲಿ ಅದು ಸಲೀಸಾಗಿ ತಿರುಗುತ್ತದೆಯೇ ನೋಡಿ. ಒಂದು ಪೆಟ್ಟಿಗೆಯಲ್ಲಿ ಒಂದು ತೋಟಾ ಉಜ್ಜಿದರೂ ಆ ಪೆಟ್ಟಿಗೆ ಅಭ್ಯಾಸಕ್ಕೆ, ರಕ್ಷಣೆಗೆ ಬೇರೆ ತೆಗೆದುಕೊಳ್ಳಿ.

ಖಾಲಿ ತೋಟಾ ತೆಗೆಯುವುದು. ಎಜೆಕ್ಟರ್ ಕಡ್ಡಿಯ ಓಟ ಎರಡೂವರೆ ಇಂಚಿಗಿಂತ ಬಹಳ ಕಡಿಮೆ. ಒತ್ತಿದರೂ ತೋಟಾ ಅರ್ಧ ಹೊರಬಂದು ನಿಲ್ಲುತ್ತೆ, ಸುಟ್ಟ ಪ್ಲಾಸ್ಟಿಕ್ ಚೇಂಬರಿನ ಗೋಡೆಗೆ ಹಿಡಿದಿರುತ್ತೆ, ಉಗುರಿನಿಂದ ಎಳೆಯಬೇಕು. ನಳಿಗೆಯ ಬಾಯಿ ಮೇಲೆ ಮಾಡಿ ಕಡ್ಡಿಯನ್ನು ಒಂದೇ ಸಲ ಬಲವಾಗಿ ಒತ್ತಿ. ಬೇಗ ಮರುತುಂಬುವ ಯೋಚನೆ ಬಿಟ್ಟುಬಿಡಿ. ಇದನ್ನು ಐದಾರು ಈಡಿನ ಆಯುಧ ಎಂದೇ ಎಣಿಸಿ.

ಕಪ್ಪು ಬಳೆ. ಇದು ಹೆಚ್ಚಿನವರ ಗಮನಕ್ಕೆ ಬಾರದ ದೋಷ. .45 ಕೋಲ್ಟ್ ಕೇಸಿನ ಉದ್ದ 1.285 ಇಂಚು. ಐವತ್ತು ಗುಂಡು ಹಾರಿಸಿದ ಮೇಲೆ ಸಿಲಿಂಡರನ್ನು ಬೆಳಕಿಗೆ ಹಿಡಿದು ಹಿಂದಿನಿಂದ ಇಣುಕಿ: ಕೇಸಿನ ಬಾಯಿ ಮುಗಿಯುವಲ್ಲಿ, ಚೇಂಬರಿನ ಸರಿಸುಮಾರು ನಡುಮಧ್ಯೆ, ಮಸಿ ಮತ್ತು ಸೀಸದ ಒಂದು ಉಂಗುರ ಕಟ್ಟಿರುತ್ತೆ. ಬೆರಳಿಗೆ ಮರಳುಕಾಗದದ ಹಾಗೆ ತಾಗುತ್ತೆ. ಈಗ ಉದ್ದನೆಯ .410 ತೋಟಾ ಹಾಕಿದರೆ ಅದೇ ಉಂಗುರದಲ್ಲಿ ಬಿಗಿಯುತ್ತೆ. ಹಾರಿಸಿದ ಮೇಲೆ ಉಬ್ಬಿ ಇನ್ನೂ ಭದ್ರವಾಗಿ ಹಿಡಿಯುತ್ತೆ. ಹಾಗಾಗಿ ಅಭ್ಯಾಸದ ದಿನ ಮೊದಲು .410, ಆಮೇಲೆ .45. ಮನೆಗೆ ಬಂದು ಸಾಲ್ವೆಂಟ್ ಹಚ್ಚಿ ಹತ್ತು ನಿಮಿಷ ಬಿಟ್ಟು, ಹಿತ್ತಾಳೆ ಬ್ರಶ್ ಚೇಂಬರಿಗೆ ಹತ್ತು ಸಲದಂತೆ ಆಡಿಸಿ. ನಳಿಗೆಯಲ್ಲಿ ಉಳಿಯುವುದು ಚರೆ ಹೊತ್ತೊಯ್ಯುವ ಬಟ್ಟಲಾದ ವಾಡ್‌ನ ಪ್ಲಾಸ್ಟಿಕ್. ಅದಕ್ಕೆ ಪ್ಲಾಸ್ಟಿಕ್ ಕರಗಿಸುವ ದ್ರಾವಣವೇ ಬೇಕು.

ಮತ್ತೆ, ಎರಡೂವರೆ ಇಂಚಿನ ಚೇಂಬರಿಗೆ 3 ಇಂಚಿನ ತೋಟಾ ತುರುಕಬೇಡಿ. ತೋಟಾದ ಮೇಲೆ ಬರೆದ ಉದ್ದ ಹಾರಿಸಿದ ನಂತರ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಬಿಚ್ಚಿಕೊಳ್ಳಲು ಜಾಗವಿಲ್ಲದಿದ್ದರೆ ಒತ್ತಡ ಏರುತ್ತೆ, ಸಿಲಿಂಡರ್ ಕಚ್ಚಿಕೊಳ್ಳುತ್ತೆ. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿನಿಂದ ಬಿಸಿ ಅನಿಲ ಚಿಮ್ಮುತ್ತೆ, ಇನ್ನೊಂದು ಕೈಯ ಬೆರಳು ಅದರ ಮುಂದೆ ಇರಲೇಬಾರದು.

ಗುಡ್ಡದ ನೆರಳು

ಪಂಪ್ ಕೋವಿಯಲ್ಲಿ ಇಷ್ಟೆಲ್ಲ ತಾಪತ್ರಯ ಇಲ್ಲ ಅನ್ನಿ.

ಹನ್ನೆರಡನೇ ಬೋರು

ಅದರದ್ದು ಬೇರೆ. ಮೊದಲನೆಯದು ಅರ್ಧ ಎಳೆತ. ಗಾಬರಿಯಲ್ಲಿ ಮುಂಗೈ ಹಿಡಿಯನ್ನು ಪೂರ್ತಿ ಹಿಂದಕ್ಕೆ ತರದೆ ಮುಂದೆ ತಳ್ಳಿದರೆ ಹಳೇ ತೋಟಾ ಹೊರಬೀಳುವುದಿಲ್ಲ, ಅಥವಾ ಹೊಸದು ಏಳುವುದಿಲ್ಲ. ಬಟ್ ಇಲ್ಲದ ಕೋವಿಯಲ್ಲಿ ಇದು ಹೆಚ್ಚು, ಏಕೆಂದರೆ ಎಳೆಯುವಾಗ ಆನಿಸಲು ಭುಜವಿಲ್ಲ.

ಎರಡನೆಯದು ಹಿಡಿಯುವ ರೀತಿ. ಸೊಂಟದ ಮಟ್ಟದಿಂದ ಹೊಡೆಯುವುದನ್ನು ಮರೆತುಬಿಡಿ, ಎಲ್ಲಿ ಬೀಳುತ್ತೆಂದು ಹೇಳಲಾಗದು. ಕೋವಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಮುಖದಿಂದ ದೂರ ಚಾಚಿ, ಮುಂದಿನ ಕೈ ಮುಂದಕ್ಕೆ ತಳ್ಳುತ್ತಾ ಹಿಂದಿನ ಕೈ ಹಿಂದಕ್ಕೆ ಎಳೆಯುತ್ತಾ ಹಿಡಿಯಬೇಕು. ಆ ಎಳೆದಾಟವೇ ಒದೆತವನ್ನು ನುಂಗುವುದು. ಹಿಡಿ ಕೆನ್ನೆಗೆ ಹತ್ತಿರವಿದ್ದರೆ ಹಲ್ಲಿಗೆ ಬಡಿಯುತ್ತೆ. ಮುಂದಿನ ಕೈ ಜಾರಿದರೆ ನಳಿಗೆಯ ಬಾಯಿಯ ಮುಂದೆ ಬರುತ್ತೆ; ಕಾರ್ಖಾನೆಯವರು ಅಲ್ಲಿ ಪಟ್ಟಿ ಕಟ್ಟಿರುವುದು ಅದಕ್ಕೇ, ಬಿಚ್ಚಬೇಡಿ. ತೋಟಾ ಒದೆತ ತಗ್ಗಿಸಿದ್ದೇ ಇರಲಿ.

ಒಂದೂಮುಕ್ಕಾಲು ಇಂಚಿನ ಮಿನಿ ತೋಟಾ ಒದೆತ ಕಡಿಮೆ ಮಾಡುತ್ತೆ ನಿಜ, ಆದರೆ ಮಾಮೂಲಿ 590ಯಲ್ಲಿ ಗಿಡ್ಡ ತೋಟಾ ಎತ್ತುವ ತಟ್ಟೆಯ ಮೇಲೆ ಮಗುಚಿ ಸಿಕ್ಕಿಕೊಳ್ಳುತ್ತೆ. ರಬ್ಬರಿನ ಅಡಾಪ್ಟರ್ ಬೇಕು, ಇಲ್ಲವೇ 2022ರಲ್ಲಿ ಬಂದ 590ಎಸ್. ಅದು ಅಡಾಪ್ಟರ್ ಇಲ್ಲದೆ ಒಂದೂಮುಕ್ಕಾಲು, ಎರಡೂಮುಕ್ಕಾಲು, ಮೂರು ಇಂಚು ಹೀಗೆ ಮೂರೂ ಉದ್ದದ ತೋಟಾ ನಡೆಸುತ್ತೆ.

ನನ್ನ ಮಾತು ಇಷ್ಟು: ಮನೆಯ ಕೋವಿಗೆ 14 ಇಂಚು ಬೇಡವೇ ಬೇಡ. 18.5 ಇಂಚು ನಳಿಗೆ, ಗಿಡ್ಡ ಬಟ್, 20 ಬೋರಿನ ಪಂಪ್. ಟ್ರಿಗರಿನಿಂದ ಬಟ್ ತುದಿಗೆ 12.5-13 ಇಂಚು ಇದ್ದರೆ ಮನೆಯ ಗಿಡ್ಡ ಆಳೂ ದೊಡ್ಡ ಆಳೂ ಹಿಡಿಯಬಹುದು. 20 ಬೋರಿನ 3ನೇ ನಂಬರಿನ ಬಕ್‌ಶಾಟ್‌ನಲ್ಲಿ ಕಾಲು ಇಂಚಿನ 20 ಚರೆ, 1200 ಅಡಿ ವೇಗ. ಭುಜ, ಕೆನ್ನೆ, ಎರಡು ಕೈ ಎಂದು ನಾಲ್ಕು ಕಡೆ ಆನಿಸಿದ ಕೋವಿ ಎರಡು ಕಡೆ ಆನಿಸಿದ್ದಕ್ಕಿಂತ ಯಾವತ್ತೂ ನೇರ.

ಮಳೆಬಿಲ್ಲು_77

ಬಾಗಿಲು, ಮೂಲೆ ತಿರುಗುವಾಗ ಉದ್ದ ಅಡ್ಡ ಬರುತ್ತಲ್ಲ ಸಾರ್? ಕೆಲ್‌ಟೆಕ್ ಕೆಎಸ್‌ಜಿ 18.5 ಇಂಚು ನಳಿಗೆ ಇದ್ದೂ ಒಟ್ಟು 26.1 ಇಂಚು ಮಾತ್ರ, ಬಟ್ ಸಮೇತ.

ಹನ್ನೆರಡನೇ ಬೋರು

ಒಳ್ಳೆಯ ಪ್ರಶ್ನೆ. ಕೆಎಸ್‌ಜಿ ಶಾಕ್‌ವೇವ್‌ಗಿಂತ ಗಿಡ್ಡ, ಆದರೂ ಭುಜಕ್ಕೆ ಬರುತ್ತೆ, ಎರಡು ಕೊಳವೆ ಸೇರಿ 14 ತೋಟಾ. ಬದಲಿಗೆ ಖಾಲಿಯೇ ಮೂರು ಕೆಜಿ ಮೇಲೆ. ಒಂದು ಕೊಳವೆ ಖಾಲಿಯಾದಾಗ ಸ್ವಿಚ್ ತಿರುಗಿಸುವುದು ಕೈಗೆ ರೂಢಿಯಾಗಬೇಕು, ಸ್ವಿಚ್ ನಡುವೆ ನಿಂತರೆ ಯಾವ ಕೊಳವೆಯಿಂದಲೂ ತೋಟಾ ಬಾರದು. ಮುಂಗೈ ಹಿಡಿಗೂ ನಳಿಗೆಯ ಬಾಯಿಗೂ ಅಂತರ ಕಡಿಮೆ, ಹಾಗಾಗಿ ಕೈ ತಡೆಯುವ ಅಡ್ಡಪಟ್ಟಿ ಅಥವಾ ಲಂಬ ಹಿಡಿ ಹಾಕಲೇಬೇಕು.

ಆದರೆ ಮೂಲೆ ತಿರುಗುವ ಚಿಂತೆಯೇ ಬೇಡ. ಮನೆಯವರನ್ನೆಲ್ಲ ಒಂದು ಕೋಣೆಗೆ ಸೇರಿಸಿ, ಬಾಗಿಲು ಹಾಕಿ, ಪೊಲೀಸರಿಗೆ ಫೋನ್ ಮಾಡಿ, ಕೋವಿಯನ್ನು ಬಾಗಿಲ ಕಡೆ ಹಿಡಿದು ಕೂರುವುದು ಸರಿಯಾದ ಕ್ರಮ. ಅಲ್ಲಿ ಉದ್ದ ಅಡ್ಡಿಯಲ್ಲ.

ಚರೆಲೆಕ್ಕ

ಯಾವುದೇ ಕೊಳ್ಳಿ, ಕಾಗದದ ಮೇಲೆ ನೋಡದೆ ನಂಬಬೇಡಿ. ರೇಂಜಿನಲ್ಲಿ ಎರಡಡಿ ಅಗಲದ ದಪ್ಪ ಕಾಗದ ಕಟ್ಟಿ, ನಡುವೆ ಒಂದು ಚುಕ್ಕೆ. 3, 5, 7, 10 ಗಜ, ಒಂದೊಂದು ದೂರಕ್ಕೆ ಹೊಸ ಕಾಗದ, ಮೂರು ಮೂರು ಈಡು, ಪ್ರತಿ ಈಡಿನ ತೂತುಗಳಿಗೆ ಬೇರೆ ಬಣ್ಣದ ಪೆನ್ನಿನಲ್ಲಿ ಸುತ್ತು. ಅತಿ ದೂರದ ಎರಡು ತೂತಿನ ಅಂತರ ಅಳೆಯಿರಿ, ನಡುಬಿಂದು ಚುಕ್ಕೆಯಿಂದ ಎಷ್ಟು ಸರಿದಿದೆ ಬರೆದಿಡಿ. ಒಂದು ಚರೆಯಾದರೂ ಒಂದು ಗೇಣು ದಾಟಿದ ದೂರ ಯಾವುದೋ, ಆ ತೋಟಾಕ್ಕೆ ನಿಮ್ಮ ಕೋವಿಯ ಮಿತಿ ಅದರ ಹಿಂದಿನ ದೂರ. ವಾಡ್ ಮಾಡಿದ ತೂತನ್ನು ಚರೆ ಎಂದು ಎಣಿಸಬೇಡಿ. ಅದರ ಅಂಚು ಹರಿದಿರುತ್ತೆ, ಚರೆಯ ತೂತು ದುಂಡಗೆ. ರಿವಾಲ್ವರಾದರೆ .45 ಕೋಲ್ಟನ್ನೂ ಇದೇ ದೂರಗಳಲ್ಲಿ ನೋಡಿ: ಗುಂಡು ಉದ್ದ ಚೇಂಬರಿನ ಖಾಲಿ ಜಾಗ ದಾಟಿ ರೈಫ್ಲಿಂಗ್ ಸೇರಬೇಕಾದ್ದರಿಂದ ಬೀಳುವ ಜಾಗ .410ಗಿಂತ ಬೇರೆಯೇ ಇರುತ್ತೆ.

ಕಿವಿಗೆ ಪ್ಲಗ್, ಮೇಲೆ ಮಫ್. ಗಿಡ್ಡ ನಳಿಗೆಯ ಸದ್ದು ಒಂದರಿಂದ ತಡೆಯುವಂಥದ್ದಲ್ಲ.

ಹಾದಿಗ

ಹಾದಿಯ ಕೆಲಸಕ್ಕೆ ರಿವಾಲ್ವರ್, ಮನೆಗೆ ಬಟ್ ಇರುವ ಕೋವಿ, ನಡುವಿನ 14 ಇಂಚಿನದ್ದು ಎರಡಕ್ಕೂ ಅರೆಬರೆ ಎಂದಾಯಿತು. ಮನೆಯ ಕೆಲಸವೇ ಮುಖ್ಯ, ಹಾಗಾಗಿ 20 ಬೋರಿನ ಪಂಪ್ ಕಡೆಗೆ ವಾಲುತ್ತಿದ್ದೇನೆ. ಮಕ್ಕಳಿರುವ ಮನೆಯಲ್ಲಿ ಇಡುವುದು ಹೇಗೆ?

ಹನ್ನೆರಡನೇ ಬೋರು

ಗೋಡೆಗೆ ಬೋಲ್ಟ್ ಮಾಡಿದ, ಬೆರಳೊತ್ತಿ ತೆರೆಯುವ ಉದ್ದ ಪೆಟ್ಟಿಗೆ. ಒಳಗೆ ಕೊಳವೆ ತುಂಬಿ, ಚೇಂಬರ್ ಖಾಲಿ. ಪಂಪ್ ಕೋವಿಯ ಸೇಫ್ಟಿ ಹೆಚ್ಚಿನವುಗಳಲ್ಲಿ ಟ್ರಿಗರನ್ನು ಮಾತ್ರ ತಡೆಯುತ್ತೆ, ಬಿದ್ದಾಗಿನ ಏಟನ್ನಲ್ಲ, ಹಾಗಾಗಿ ಚೇಂಬರಿನಲ್ಲಿ ತೋಟಾ ಇಟ್ಟು ಮಲಗಬೇಡಿ. ಪೆಟ್ಟಿಗೆಯ ಬ್ಯಾಟರಿ ಆರು ತಿಂಗಳಿಗೊಮ್ಮೆ ಬದಲಿಸಿ, ತುರ್ತು ಕೀಲಿ ಮಕ್ಕಳಿಗೆ ಸಿಗದ ಕಡೆ ಇರಲಿ. ಕೊಳ್ಳುವ ದಿನವೇ ಅದೇ ಬೋರಿನ ಐದು ಡಮ್ಮಿ ತೋಟಾ ತಂದುಕೊಳ್ಳಿ. ಅಸಲಿ ತೋಟಾ ಇನ್ನೊಂದು ಕೋಣೆಯಲ್ಲಿ ಬಿಟ್ಟು, ಭುಜಕ್ಕೆ ಕೊಟ್ಟು, ಹಿಡಿ ಹಿಂದಿನ ಕೊನೆಗೆ ಬಡಿಯುವ ಸದ್ದು ಪ್ರತಿ ಸಲವೂ ಕೇಳುವವರೆಗೆ ದಿನಕ್ಕೆ ಇಪ್ಪತ್ತು ಸಲ ಎಳೆದು ತಳ್ಳಿ.